ಕೊಂದದ್ದು ಯಾವುದೆಂದು ತಿಳಿಯದೆ ಕನ್ವರ್ಟರ್ ಬದಲಿಸಬೇಡಿ

(ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ಮಾಲೀಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ. ನೀವು ಬರೆದುಕೊಟ್ಟ ಚೀಟಿಗಳನ್ನು ನೋಡಿದೆ. ಕಾರುಗಳು ಬೇರೆ ಬೇರೆ ಇವೆ. ಆಲ್ಟೊ ಇದೆ, ಸ್ಯಾಂಟ್ರೊ ಇದೆ, ವ್ಯಾಗನ್ ಆರ್ ಇದೆ, ಗದಗದಿಂದ ಬಂದವರೊಬ್ಬರ ಜೆನ್ ಕೂಡ ಇದೆ. ಆದರೆ ಹೆಚ್ಚಿನ ಚೀಟಿಗಳಲ್ಲಿ ಪ್ರಶ್ನೆ ಒಂದೇ. ಎಂಜಿನ್ನಿನ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಗ ಹೋಗಬೇಕಾದವರಿಗೆ ಅನುಕೂಲವಾಗುತ್ತದೆ. ಎಂಜಿನ್ ಆಯಿಲಿಗೆ, ಏರ್ ಫಿಲ್ಟರಿಗೆ, ಟೈಮಿಂಗ್ ಬೆಲ್ಟಿಗೆ ಇರುವಂತೆ ಇದಕ್ಕೆ ಕಿಲೋಮೀಟರಿನ ಲೆಕ್ಕ ಇಲ್ಲ. ಕಾರಿನ ಜೊತೆಯಲ್ಲಿ ಬರುವ ಪುಸ್ತಕದ ಸರ್ವಿಸ್ ಪಟ್ಟಿಯಲ್ಲಿ ಹುಡುಕಿ ನೋಡಿ, ಇಂತಿಷ್ಟು ಓಡಿದ ಮೇಲೆ ಕನ್ವರ್ಟರ್ ಬದಲಿಸಿ ಎಂಬ ಸಾಲು ನಿಮಗೆ ಸಿಗುವುದಿಲ್ಲ. ಕಾರು ಬಾಳುವಷ್ಟು ಕಾಲ ಬಾಳಲಿ ಎಂದೇ ಅದನ್ನು ಮಾಡಿರುತ್ತಾರೆ. ಅಮೆರಿಕದಲ್ಲಿ ಈ ಒಂದು ಭಾಗಕ್ಕೆ 8 ವರ್ಷ ಅಥವಾ 80,000 ಮೈಲಿ, ಅಂದರೆ ಹತ್ತಿರ ಹತ್ತಿರ 1,29,000 ಕಿಲೋಮೀಟರ್ ತನಕ ತಯಾರಕರೇ ಹೊಣೆ ಎಂದು ಕಾನೂನಿದೆ. ಅಷ್ಟು ಬಾಳುತ್ತದೆ ಎಂಬ ನಂಬಿಕೆ ಇಲ್ಲದೆ ಯಾವ ಸರ್ಕಾರವೂ ಹಾಗೆ ಬರೆಯಿಸುವುದಿಲ್ಲ, ಯಾವ ಕಂಪನಿಯೂ ಒಪ್ಪುವುದಿಲ್ಲ. ಹಾಗಿದ್ದರೂ ನಮ್ಮ ಊರಿನಲ್ಲಿ ಅರವತ್ತು, ಎಪ್ಪತ್ತು ಸಾವಿರಕ್ಕೇ ಕನ್ವರ್ಟರ್ ಸತ್ತ ಕಾರುಗಳಿವೆ, ಎರಡು ಲಕ್ಷ ದಾಟಿಯೂ ಚೆನ್ನಾಗಿರುವ ಕಾರುಗಳಿವೆ. ಈ ವ್ಯತ್ಯಾಸ ಕನ್ವರ್ಟರಿನಿಂದ ಬಂದದ್ದಲ್ಲ, ಅದರ ಮುಂದೆ ಕುಳಿತಿರುವ ಎಂಜಿನ್ನಿನಿಂದ ಬಂದದ್ದು. ಅದು ತಾನಾಗಿ ಸಾಯುವುದು ಅಪರೂಪ, ಬಹಳ ಸಲ ಯಾವುದೋ ಒಂದು ಅದನ್ನು ಕೊಂದಿರುತ್ತದೆ. ಕೊಂದದ್ದನ್ನು ಹಿಡಿಯದೆ ಹೊಸದನ್ನು ತಂದು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಮಾಳಿಗೆ ಸೋರುತ್ತಿರುವಾಗ ನೆಲಕ್ಕೆ ಹೊಸ ಫರಸಿ ಹಾಸಿಸಿದಂತೆ.

ಇನ್ನು ಅದರ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡೋಣ. ಅದು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಹೇಳಿದ್ದರಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ನಿಮಗೇ ತಿಳಿಯುತ್ತದೆ.

ಎಂಜಿನ್ನಿನಿಂದ ಹೊರಡುವ ಹೊಗೆ ಕೊಳವೆಯಲ್ಲಿ, ಸೈಲೆನ್ಸರಿಗೆ ಮುಂಚೆ, ಒಂದು ಸ್ಟೀಲ್ ಡಬ್ಬಿ ಇರುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ, ಕೆಲವುಗಳಲ್ಲಿ ಡ್ರೈವರ್ ಸೀಟಿನ ಕೆಳಗಿನ ಜಾಗದಲ್ಲಿ. ಡಬ್ಬಿಯೊಳಗೆ ಪಿಂಗಾಣಿಯ ಒಂದು ಇಟ್ಟಿಗೆ. ಜೇನುಗೂಡಿನ ಹಾಗೆ ಅದರ ತುಂಬ ಸಣ್ಣ ಸಣ್ಣ ಕಿಂಡಿಗಳು. ಒಂದು ಚದರ ಅಂಗುಲಕ್ಕೆ ನಾಲ್ಕುನೂರು ಕಿಂಡಿ ಎಂಬುದು ಸಾಮಾನ್ಯ ಲೆಕ್ಕ. ಆ ಕಿಂಡಿಗಳ ಗೋಡೆಗೆ ಅಲ್ಯುಮಿನಾದ ಒರಟು ಲೇಪ, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳ ಕಣಗಳು. ಇಡೀ ಡಬ್ಬಿಯಲ್ಲಿ ಇವೆಲ್ಲ ಸೇರಿದರೂ ಕೆಲವೇ ಗ್ರಾಂ. ಎಂಜಿನ್ನಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಉರಿಯದೆ ಉಳಿದ ಪೆಟ್ರೋಲಿನ ಆವಿ ಉರಿದು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ಮರಳಿ ಬರೀ ನೈಟ್ರೋಜನ್ ಆಗುತ್ತವೆ. ಮೂರೂ ಕೆಲಸ ಒಟ್ಟಿಗೆ ಆಗಬೇಕಾದರೆ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಸೇರಿರಬೇಕು. ಆ ಪ್ರಮಾಣವನ್ನು ಕಾಯುವುದು ಕನ್ವರ್ಟರಿನ ಮುಂದಿರುವ ಆಕ್ಸಿಜನ್ ಸೆನ್ಸರ್.

ಇದೆಲ್ಲ ನಡೆಯಲು ಬಿಸಿ ಬೇಕು. 250ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಅದು ಬರೀ ಡಬ್ಬಿ. ಅಲ್ಲಿಂದ ಮೇಲೆ ಕೆಲಸ ಶುರು. ಬಿಸಿ ವಿಪರೀತವಾದರೂ ತೊಂದರೆ. ಸಾವಿರ ಡಿಗ್ರಿಯ ಹತ್ತಿರ ಹೋದರೆ ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಹೊಗೆ ತಾಗುವ ಮೈ ಕಡಿಮೆಯಾಗುತ್ತದೆ. ಇನ್ನೂ ಕೆಲವು ನೂರು ಡಿಗ್ರಿ ಮೇಲೆ ಪಿಂಗಾಣಿಯೇ ಕರಗುತ್ತದೆ. ವಿದ್ಯಾನಗರದ ಮನೆಯಿಂದ ಹತ್ತಿರದ ಅಂಗಡಿಗೆ, ಅಲ್ಲಿಂದ ಮಕ್ಕಳ ಶಾಲೆಗೆ, ಮತ್ತೆ ಮನೆಗೆ ಎಂದು ಓಡುವ ಕಾರಿನ ಕನ್ವರ್ಟರ್ ದಿನದಲ್ಲಿ ಬಹುಪಾಲು ತಣ್ಣಗೇ ಇರುತ್ತದೆ. ದಿನಾ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿ ಬರುವ ಕಾರು ಹೆಚ್ಚು ಕಿಲೋಮೀಟರ್ ಓಡಿದ್ದರೂ ಅದರ ಕನ್ವರ್ಟರ್ ಹೆಚ್ಚು ಸುಖವಾಗಿರುತ್ತದೆ. ಮೀಟರಿನ ಅಂಕಿ ನೋಡಿ ತೀರ್ಮಾನಿಸಬೇಡಿ ಎನ್ನಲು ಇದೂ ಒಂದು ಕಾರಣ.

ಚರಿತ್ರೆಯನ್ನು ಉದ್ದ ಮಾಡುವುದಿಲ್ಲ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯೂಜೀನ್ ಹೌಡ್ರಿ ಎಂಬ ಎಂಜಿನಿಯರ್ 1950ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಆಗಿನ ಪೆಟ್ರೋಲಿನಲ್ಲಿ ಸೀಸ ಇತ್ತು, ಸೀಸ ತಾಗಿದರೆ ಈ ಲೋಹಗಳು ಕೆಲಸ ಬಿಡುತ್ತವೆ. ಹಾಗಾಗಿ 1975ರ ಮಾದರಿಯ ಅಮೆರಿಕದ ಕಾರುಗಳವರೆಗೆ ಕಾಯಬೇಕಾಯಿತು. ನಮ್ಮಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು, ದೇಶದ ಎಲ್ಲ ಬಂಕುಗಳಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿಯಲ್ಲಿ. ವಾಹನದ ಹೊಗೆಗೆ ಸರ್ಕಾರ ಹಾಕುವ ಮಿತಿಗಳಿಗೆ ಭಾರತ್ ಸ್ಟೇಜ್ ಎಂದು ಹೆಸರು. ಅದರಲ್ಲಿ ನಾಲ್ಕು ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್‌ನಲ್ಲಿ, ಆರು ಬಂದದ್ದು 2020ರ ಏಪ್ರಿಲ್‌ನಲ್ಲಿ. ಇಂದು ಇಲ್ಲಿರುವ ಕಾರುಗಳಲ್ಲಿ ಹೆಚ್ಚಿನವು ಎರಡು, ಮೂರು, ನಾಲ್ಕನೇ ಸ್ಟೇಜಿನವು. 2020ರ ನಂತರ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಗಂಧಕದ ಮಿತಿ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 10 ಭಾಗ. ಭಾರತ್ ಸ್ಟೇಜ್ ಮೂರರ ಕಾಲದಲ್ಲಿ ಅದು 150 ಇತ್ತು. ಹಳೆಯ ಕಾರುಗಳಿಗೆ ಸರ್ಕಾರದಿಂದ ಕೇಳದೆಯೇ ಸಿಕ್ಕ ಒಂದು ಒಳ್ಳೆಯದು ಇದು.

ಈಗ ಕೊಲ್ಲುವವರ ವಿಷಯಕ್ಕೆ ಬರುತ್ತೇನೆ. ನನ್ನ ಮಾತಿನ ಮುಖ್ಯ ಭಾಗ ಇದೇ.

ಎಲ್ಲಕ್ಕಿಂತ ದೊಡ್ಡ ಕೊಲೆಗಾರ ಮಿಸ್ಸಿಂಗ್. ಒಂದು ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳದಿದ್ದರೆ ಅದರೊಳಗಿನ ಪೆಟ್ರೋಲ್ ಮತ್ತು ಗಾಳಿ ಹಾಗೆಯೇ ಕೊಳವೆಗೆ ಇಳಿದು, ಕೆಂಡದಂತಿರುವ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಆಲ್ಟೊ, ಮಾರುತಿ 800ರಂತಹ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಎಂಜಿನ್ನಿಗೆ ಹೋದ ಪೆಟ್ರೋಲಿನ ಮೂರನೆಯ ಒಂದು ಪಾಲು ಅಲ್ಲಿಗೆ ಹೋಗುತ್ತಿದೆ ಎಂದು ಅರ್ಥ. ಹಾಗೆ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಕನ್ವರ್ಟರನ್ನು ಕರಗಿಸಲು ಕೆಲವು ನಿಮಿಷ ಸಾಕು. ಕಾರಣ ಬಹುತೇಕ ಸಣ್ಣದಿರುತ್ತದೆ. ಸವೆದ ಸ್ಪಾರ್ಕ್ ಪ್ಲಗ್, ಬಿರುಕು ಬಿಟ್ಟ ಪ್ಲಗ್ ವೈರ್, ಸುಸ್ತಾದ ಇಗ್ನಿಷನ್ ಕಾಯಿಲ್. ಕೆಲವು ನೂರು ರೂಪಾಯಿಯ ಪ್ಲಗ್ ಮುಂದೂಡಿ ಹತ್ತಾರು ಸಾವಿರದ ಕನ್ವರ್ಟರನ್ನು ಸುಟ್ಟುಕೊಳ್ಳುವವರು ಲೆಕ್ಕದಲ್ಲಿ ಜಾಣರು ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ. ಇರಲಿ.

ಇಲ್ಲಿ ಒಂದು ಹಳೆಯ ಪದ್ಧತಿಯ ಬಗ್ಗೆ ಹೇಳಲೇಬೇಕು. ಮಿಸ್ಸಿಂಗ್ ಯಾವ ಸಿಲಿಂಡರಿನದು ಎಂದು ಕಂಡುಹಿಡಿಯಲು ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಮೇಸ್ತ್ರಿಗಳು ಎಂಜಿನ್ ಚಾಲೂ ಇಟ್ಟು ಒಂದೊಂದೇ ಪ್ಲಗ್ ವೈರನ್ನು ಕಿತ್ತು ನೋಡುತ್ತಿದ್ದರು. ಆ ಕಾರುಗಳಲ್ಲಿ ಅದು ಸರಿಯಾದ ವಿಧಾನವೇ. ಆ ಕೈಚಳಕ ಕಲಿತವರ ಶಿಷ್ಯರು ಈಗಲೂ ಅದನ್ನೇ ಮಾಡುತ್ತಾರೆ. ಕನ್ವರ್ಟರ್ ಇರುವ ಕಾರಿನಲ್ಲಿ ಅದು ಬೇಡ. ಮಾಡಲೇಬೇಕಾದರೆ ಆ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರಿನ ಪ್ಲಗ್ಗನ್ನು ತೆಗೆಯಲಿ, ಆಗ ಪೆಟ್ರೋಲೇ ಬೀಳುವುದಿಲ್ಲ. ಬ್ಯಾಟರಿ ಸತ್ತ ಕಾರನ್ನು ಉಣಕಲ್ಲಿನ ಇಳಿಜಾರಿನಲ್ಲಿ ನಾಲ್ಕು ಜನ ತಳ್ಳಿ ತಳ್ಳಿ ಚಾಲೂ ಮಾಡುವುದೂ ಇದೇ ಜಾತಿಗೆ ಸೇರಿದ್ದು. ಪ್ರತಿ ತಳ್ಳಿಗೆ ಉರಿಯದ ಪೆಟ್ರೋಲ್ ಒಳಗೆ ಸೇರುತ್ತದೆ. ಇನ್ನೊಂದು ಬ್ಯಾಟರಿಯಿಂದ ಕೇಬಲ್ ಹಾಕಿ ಚಾಲೂ ಮಾಡಿ, ಅದೇ ಒಳ್ಳೆಯದು.

ಎರಡನೆಯದು ಆಯಿಲ್ ಕುಡಿಯುವ ಎಂಜಿನ್. ಪಿಸ್ಟನ್ ರಿಂಗ್ ಸವೆದು, ವಾಲ್ವ್ ಸೀಲ್ ಗಟ್ಟಿಯಾಗಿ ಎಂಜಿನ್ ಆಯಿಲ್ ಸುಡತೊಡಗಿದರೆ ಅದರಲ್ಲಿ ಸವೆತ ತಡೆಯಲು ಬೆರೆಸಿದ ರಂಜಕ ಮತ್ತು ಸತು ಹೊಗೆಯ ಜೊತೆ ಹೋಗಿ ಕನ್ವರ್ಟರಿನ ಲೇಪದ ಮೇಲೆ ಪದರ ಕಟ್ಟುತ್ತವೆ. ಇದು ನಿಧಾನ ವಿಷ. ಕಾರಿನಲ್ಲಿ ಯಾವ ಸದ್ದೂ ಇಲ್ಲ, ಪಿಕಪ್ ಕಡಿಮೆಯಾಗುವುದಿಲ್ಲ, ಒಂದು ದಿನ ಎಮಿಷನ್ ಟೆಸ್ಟಿನಲ್ಲಿ ಫೇಲಾದಾಗಲೇ ತಿಳಿಯುವುದು. ಹಳೆಯ ಕಾರುಗಳಲ್ಲಿ ನಾನು ಇದನ್ನೇ ಹೆಚ್ಚು ನೋಡಿದ್ದೇನೆ. ಬೆಳಗ್ಗೆ ಚಾಲೂ ಮಾಡಿದಾಗ ನೀಲಿ ಹೊಗೆ ಬರುತ್ತಿದೆಯೇ, ಎರಡು ಸರ್ವಿಸುಗಳ ನಡುವೆ ಆಯಿಲ್ ಸೇರಿಸಬೇಕಾಗುತ್ತಿದೆಯೇ, ಇಷ್ಟನ್ನು ನೀವೇ ನೋಡಿಕೊಳ್ಳಬಹುದು. ಹೆಡ್ ಗ್ಯಾಸ್ಕೆಟ್ ಸೋರಿ ಕೂಲಂಟ್ ಸಿಲಿಂಡರಿಗೆ ಇಳಿದರೂ ಇದೇ ಗತಿ. ಕೊಳವೆಯ ಕೀಲುಗಳಿಗೆ ಸಿಕ್ಕ ಸಿಕ್ಕ ಸಿಲಿಕಾನ್ ಅಂಟು ಬಳಿಯುವುದರಿಂದ ಆಕ್ಸಿಜನ್ ಸೆನ್ಸರೂ ಕೆಡುತ್ತದೆ, ಕನ್ವರ್ಟರೂ ಕೆಡುತ್ತದೆ.

ಮೂರನೆಯದು ಪೆಟ್ಟು. ನಮ್ಮ ಊರಿನ ರಸ್ತೆ ಉಬ್ಬುಗಳನ್ನು ಯಾರು, ಯಾವ ಅಳತೆಯಿಂದ ಹಾಕುತ್ತಾರೋ ದೇವರಿಗೇ ಗೊತ್ತು. ತುಂಬಿದ ಕಾರಿನ ಹೊಟ್ಟೆ ಅದಕ್ಕೆ ತಾಗಿದರೆ ಒಳಗಿನ ಪಿಂಗಾಣಿ ಬಿರಿಯುತ್ತದೆ. ಕಾದ ಕನ್ವರ್ಟರಿಗೆ ಒಮ್ಮೆಲೇ ತಣ್ಣೀರು ಬಿದ್ದರೂ ಬಿರಿಯಬಹುದು. ಬೆಣ್ಣೆಹಳ್ಳ ತುಂಬಿ ನವಲಗುಂದದ ಕಡೆ ರಸ್ತೆಯ ಮೇಲೆ ನೀರು ಬಂದಾಗ, ದೂರದಿಂದ ಜೋರಾಗಿ ಬಂದವರು ಹಾಗೇ ನೀರಿಗೆ ನುಗ್ಗುತ್ತಾರಲ್ಲ, ಅವರಿಗೆ ಜೀವದ ಬಗ್ಗೆ ಹೇಳಿದರೆ ಕೇಳುವುದಿಲ್ಲ, ಕನ್ವರ್ಟರಿನ ಬೆಲೆ ಹೇಳಿದರೆ ಕೇಳಬಹುದೇನೋ.

ಇದಕ್ಕೆ ಹೊಂದಿದ ಇನ್ನೊಂದು ಮಾತು. ಸುಗ್ಗಿಯ ಕಾಲದಲ್ಲಿ ಗದಗ, ಹಾವೇರಿ ಕಡೆಯ ರಸ್ತೆಗಳ ಮೇಲೆ ಒಕ್ಕಣೆಗೆಂದು ಹುರುಳಿ, ತೊಗರಿ ಹರಡಿರುತ್ತಾರೆ. ಆ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು ಕನ್ವರ್ಟರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದರ ಹೊರಮೈಯೂ ಅಷ್ಟು ಕಾದಿರುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೂ ಈ ಅಪಾಯ ಇದೆ, ಮಿಸ್ಸಿಂಗ್ ಇದ್ದರೆ ಇನ್ನೂ ಹೆಚ್ಚು. ಅಂತಹ ರಸ್ತೆ ದಾಟಿದ ಮೇಲೆ ಕಾರು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಒಣ ಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬೇಡಿ.

ಇನ್ನು ಸತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇದು ಮೂರು ರೀತಿಯಲ್ಲಿ ಕೆಡುತ್ತದೆ, ಮೂರಕ್ಕೂ ಉತ್ತರ ಬೇರೆ.

ಒಡೆದದ್ದಾದರೆ ಸದ್ದು ಮಾಡುತ್ತದೆ. ಎಂಜಿನ್ ತಣ್ಣಗಿರುವಾಗ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಎಂದರೆ ಇಟ್ಟಿಗೆ ಒಡೆದಿದೆ. ಇದನ್ನು ತಡ ಮಾಡದೆ ಬದಲಿಸಬೇಕು, ಯಾಕೆಂದರೆ ಚೂರುಗಳು ಹಿಂದೆ ಸರಿದು ಸೈಲೆನ್ಸರನ್ನೂ ಮುಚ್ಚುತ್ತವೆ. ಆದರೆ ತಟ್ಟಿದಾಗ ಸದ್ದು ಬಂದ ತಕ್ಷಣ ತೀರ್ಮಾನ ಬೇಡ. ಡಬ್ಬಿಯ ಮೇಲಿನ ತಗಡಿನ ಹೊದಿಕೆಯ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿದ್ದರೂ ಹೆಚ್ಚು ಕಡಿಮೆ ಅದೇ ಸದ್ದು. ಒಂದು ಕ್ಲಾಂಪ್ ಹಾಕಿದರೆ ಮುಗಿಯುವ ಕೆಲಸಕ್ಕೆ ಹೊಸ ಕನ್ವರ್ಟರ್ ಕೊಂಡವರು ಇದ್ದಾರೆ.

ಕರಗಿ ಮುಚ್ಚಿಕೊಂಡದ್ದಾದರೆ ಎಂಜಿನ್ನಿಗೆ ಉಸಿರು ಬಿಡಲು ದಾರಿ ಇರುವುದಿಲ್ಲ. ಊರೊಳಗೆ ಹೇಗೋ ಓಡುತ್ತದೆ, ಬೈಪಾಸಿಗೆ ಹೋದಾಗ ಅರವತ್ತು, ಎಪ್ಪತ್ತರ ಮೇಲೆ ಏರುವುದೇ ಇಲ್ಲ. ಅಂಕೋಲಾ ಕಡೆಯಿಂದ ಯಲ್ಲಾಪುರಕ್ಕೆ ಬರುತ್ತಾ ಅರಬೈಲ್ ಘಟ್ಟ ಹತ್ತುವಾಗ ಕಾಲು ಪೂರ್ತಿ ಒತ್ತಿದರೂ ಎಳೆಯುವುದಿಲ್ಲ, ಕಾರಿನ ನೆಲ ಕಾಲಿಗೆ ಬಿಸಿ ತಾಗಿಸುತ್ತದೆ. ಇದೇ ಲಕ್ಷಣ ಫ್ಯೂಯಲ್ ಫಿಲ್ಟರ್ ಕಟ್ಟಿದಾಗಲೂ, ಕ್ಲಚ್ ಸವೆದಾಗಲೂ ಬರುತ್ತದೆ. ಹಾಗಾಗಿ ಅಳೆದು ನೋಡಬೇಕು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ರಂಧ್ರಕ್ಕೆ ಒತ್ತಡದ ಗೇಜ್ ಕೂರಿಸಿದರೆ ಐಡಲಿಂಗ್‌ನಲ್ಲಿ ಒಂದೂಕಾಲು ಪಿಎಸ್‌ಐ ಒಳಗೆ, 2,500 ಆರ್‌ಪಿಎಂನಲ್ಲಿ ಮೂರು ಪಿಎಸ್‌ಐ ಒಳಗೆ ಇರಬೇಕು. ಅದಕ್ಕಿಂತ ಹೆಚ್ಚು ತೋರಿಸಿದರೆ ಅಲ್ಲಿಂದ ಸೈಲೆನ್ಸರಿನ ಕಡೆಗೆ ಎಲ್ಲೋ ದಾರಿ ಮುಚ್ಚಿದೆ. ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಕನ್ವರ್ಟರಿನ ಮುಂದಿನ ಫ್ಲಾಂಜ್, ಅಂದರೆ ಕೊಳವೆಯನ್ನು ಬೋಲ್ಟಿನಿಂದ ಕೂಡಿಸಿದ ಕೀಲನ್ನು ಸಡಿಲಿಸಿ ಸ್ವಲ್ಪ ದೂರ ಓಡಿಸಿ ನೋಡುತ್ತಾರೆ. ಆಗ ಕಾರು ಒಮ್ಮೆಲೇ ಹಗುರವಾಗಿ ಎಳೆದರೆ ಉತ್ತರ ಸಿಕ್ಕಿತು. ಕಿವಿಗೆ ಹಿಂಸೆ, ಓಣಿಯ ಜನ ಬೈಯುತ್ತಾರೆ, ಆದರೂ ನಂಬಬಹುದಾದ ಪರೀಕ್ಷೆ. ಕಿಟಕಿಗಳನ್ನು ಮಾತ್ರ ತೆರೆದಿಡಿ, ಆ ಹೊಗೆ ಕಾರಿನೊಳಗೆ ಬಂದರೆ ಅಪಾಯ.

ವಿಷ ತಿಂದು ಸುಸ್ತಾದದ್ದನ್ನು ಹಿಡಿಯುವುದು ಕಷ್ಟ. ಮೋಸ ಹೆಚ್ಚು ನಡೆಯುವುದೂ ಇಲ್ಲಿಯೇ. 2013ರ ಏಪ್ರಿಲ್ ನಂತರದ ಭಾರತ್ ಸ್ಟೇಜ್ ನಾಲ್ಕರ ಕಾರುಗಳಲ್ಲಿ ಕನ್ವರ್ಟರಿನ ಹಿಂದೆಯೂ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಸದಾ ಏರಿಳಿಯುತ್ತಿದ್ದರೆ ಹಿಂದಿನದು ಸುಮ್ಮನೆ ಒಂದೇ ಮಟ್ಟದಲ್ಲಿ ಇರಬೇಕು. ಹಿಂದಿನದೂ ಮುಂದಿನದರ ಜೊತೆಗೆ ಕುಣಿಯತೊಡಗಿದರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂದು ಕಂಪ್ಯೂಟರ್ ತಿಳಿದು ಚೆಕ್ ಎಂಜಿನ್ ದೀಪ ಹಚ್ಚುತ್ತದೆ, ಸ್ಕ್ಯಾನರ್ ಹಾಕಿದರೆ ಪಿ 0420 ಎಂಬ ಕೋಡ್ ಬರುತ್ತದೆ. ಅದನ್ನು ತೋರಿಸಿ ಕನ್ವರ್ಟರ್ ಹೋಗಿದೆ ಎಂದುಬಿಡುತ್ತಾರೆ. ಕೋಡ್ ಅಷ್ಟು ಹೇಳುವುದಿಲ್ಲ. ಕನ್ವರ್ಟರಿನ ದಕ್ಷತೆ ಕಡಿಮೆ ಕಾಣುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಹಿಂದಿನ ಸೆನ್ಸರಿನ ಹತ್ತಿರ ಕೊಳವೆ ತೂತಾಗಿ ಹೊರಗಿನ ಗಾಳಿ ಎಳೆದುಕೊಂಡರೂ, ಸೆನ್ಸರೇ ಕೆಟ್ಟಿದ್ದರೂ ಅದೇ ಕೋಡ್ ಬರಬಹುದು. ಜೊತೆಯಲ್ಲಿ ಪಿ 0300 ಅಥವಾ 0301, 0302 ಎಂಬ ಕೋಡುಗಳು ಇದ್ದರೆ ಅವು ಮಿಸ್ಸಿಂಗಿನವು. ಮೊದಲು ಅವುಗಳನ್ನು ಸರಿಪಡಿಸಿ, ಕೋಡ್ ಅಳಿಸಿ, ಕೆಲವು ದಿನ ಓಡಿಸಿ, 0420 ಮರಳಿ ಬರುತ್ತದೆಯೇ ನೋಡಬೇಕು. ಮರಳಿ ಬಂದರೂ, ಪಿಕಪ್ ಚೆನ್ನಾಗಿದ್ದು ಎಮಿಷನ್ ಟೆಸ್ಟ್ ಪಾಸಾಗುತ್ತಿದ್ದರೆ ನಾಳೆಯೇ ಬದಲಿಸಬೇಕೆಂಬ ತುರ್ತು ಇಲ್ಲ. ದುಡ್ಡು ಹೊಂದಿಸಲು ಸಮಯವಿದೆ. ಆದರೆ ದೀಪ ಮಿನುಗುತ್ತಿದ್ದರೆ, ಅಂದರೆ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದರೆ, ಅದು ಜೋರು ಮಿಸ್ಸಿಂಗಿನ ಸೂಚನೆ. ಆಗ ಕಾರನ್ನು ನಿಲ್ಲಿಸಿಬಿಡಿ.

ಅದಕ್ಕಿಂತ ಹಳೆಯ ಕಾರುಗಳಲ್ಲಿ ಹಿಂದಿನ ಸೆನ್ಸರ್ ಬಹುತೇಕ ಇರುವುದಿಲ್ಲ. ಅವುಗಳಿಗೆ ಎಮಿಷನ್ ಟೆಸ್ಟಿನ ಚೀಟಿಯೇ ಆಧಾರ. ನಾವು ಅದನ್ನು ಮಡಚಿ ಡ್ಯಾಶ್‌ಬೋರ್ಡಿಗೆ ಹಾಕುತ್ತೇವೆಯೇ ಹೊರತು ಓದುವುದಿಲ್ಲ. ಓದಿ. ಎರಡು, ಮೂರನೇ ಸ್ಟೇಜಿನ ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 0.5, ಹೈಡ್ರೋಕಾರ್ಬನ್ ಮಿತಿ 750 ಪಿಪಿಎಂ. ನಾಲ್ಕನೇ ಸ್ಟೇಜಿಗೆ ಇವು ಶೇಕಡಾ 0.3 ಮತ್ತು 200 ಪಿಪಿಎಂ. ಹೈಡ್ರೋಕಾರ್ಬನ್ ಮಾತ್ರ ಏಕಾಏಕಿ ಏರಿದ್ದರೆ ಮೊದಲ ಅನುಮಾನ ಕಿಡಿಯ ಮೇಲೆ ಇರಲಿ. ಕಾರ್ಬನ್ ಮೊನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿರಬಹುದು. ಪ್ಲಗ್, ಏರ್ ಫಿಲ್ಟರ್, ಸೆನ್ಸರ್ ಎಲ್ಲವೂ ಸರಿ ಇದ್ದು, ಎಂಜಿನ್ ಚೆನ್ನಾಗಿ ಕಾದಿದ್ದು, ಎರಡೂ ಹೆಚ್ಚೇ ಉಳಿದರೆ ಆಗ ಕನ್ವರ್ಟರಿನ ಕಡೆ ಬೆರಳು ತೋರಿಸಬಹುದು. ಮೂರು ನಾಲ್ಕು ವರ್ಷದ ಚೀಟಿಗಳನ್ನು ಇಟ್ಟುಕೊಂಡಿದ್ದರೆ ನಿಮ್ಮ ಕನ್ವರ್ಟರ್ ಹೇಗೆ ಸೋಲುತ್ತಾ ಬಂದಿದೆ ಎಂದು ಯಾವ ಸ್ಕ್ಯಾನರೂ ಇಲ್ಲದೆ ಕಾಣುತ್ತದೆ. ಕಾರನ್ನು ತೋರಿಸದೆಯೇ ಚೀಟಿ ಪಡೆಯುವವರಿಗೆ ಈ ಸೌಲಭ್ಯ ಇಲ್ಲ.

ಇನ್ನೊಂದು ಸೂಕ್ಷ್ಮ. ತಣ್ಣನೆಯ ಕಾರನ್ನು ಟೆಸ್ಟಿಗೆ ಒಯ್ಯಬೇಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿಸಿಕೊಂಡು ಹೋಗಿ ನೇರವಾಗಿ ಟೆಸ್ಟಿಗೆ ನಿಲ್ಲಿಸಿದ ಕಾರು ಪಾಸಾಗುತ್ತದೆ, ಅದೇ ಕಾರು ಮನೆಯ ಪಕ್ಕದ ಕೇಂದ್ರದಲ್ಲಿ ತಣ್ಣಗಿರುವಾಗ ಫೇಲಾಗುತ್ತದೆ. ಇದು ಮೋಸವಲ್ಲ. ಪರೀಕ್ಷೆ ಕಾದ ಎಂಜಿನ್ನಿಗೇ ಮಾಡಬೇಕಾದದ್ದು.

ಕೆಲವು ಅಡ್ಡದಾರಿಗಳನ್ನು ಬೇಗ ಮುಗಿಸುತ್ತೇನೆ. ಪೆಟ್ರೋಲ್ ಟ್ಯಾಂಕಿಗೆ ಥಿನ್ನರ್ ಸುರಿದರೆ ಕನ್ವರ್ಟರ್ ತೊಳೆದು ಹೋಗುತ್ತದೆ ಎನ್ನುವುದನ್ನು ನಂಬಬೇಡಿ. ಕರಗಿದ ಪಿಂಗಾಣಿ ಯಾವ ಥಿನ್ನರಿಗೂ ಮರಳಿ ಬರುವುದಿಲ್ಲ, ರಬ್ಬರ್ ಪೈಪುಗಳು ಮಾತ್ರ ಹಾಳಾಗುತ್ತವೆ. ಬಿಚ್ಚಿ ಆಸಿಡ್‌ನಲ್ಲಿ ನೆನೆಸುವವರು ಕೊಳೆಯ ಜೊತೆಗೆ ಲೇಪವನ್ನೂ ತೆಗೆಯುತ್ತಾರೆ. ಬರೀ ಮಸಿ ಕಟ್ಟಿದ್ದರೆ ಹೆದ್ದಾರಿಯಲ್ಲಿ ಹಾವೇರಿಯವರೆಗೆ ಒಂದು ಓಟ ಓಡಿಸಿದಾಗ ಅದು ಉರಿದು ಹೋಗುವುದುಂಟು. ಅಷ್ಟಕ್ಕೆ ಡಬ್ಬಿ ಬಿಚ್ಚುವ ಅಗತ್ಯವಿಲ್ಲ.

ಒಳಗಿನ ಇಟ್ಟಿಗೆಯನ್ನು ಒಡೆದು ತೆಗೆದು ಖಾಲಿ ಡಬ್ಬಿ ಕೂರಿಸುವುದು ಮಾತ್ರ ಅಡ್ಡದಾರಿಯಲ್ಲ, ಅಪರಾಧ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸಲು ಬಿಡುವುದಿಲ್ಲ. ಮಾಲಿನ್ಯದ ನಿಯಮ ಮುರಿದರೆ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿಯವರೆಗೆ ಹೋಗಬಹುದು. ಪಿಕಪ್ ಹೆಚ್ಚುತ್ತದೆ ಎಂದು ಹೇಳಿ ಮಾಡಿಸುತ್ತಾರೆ. ಮುಚ್ಚಿಹೋದದ್ದನ್ನು ತೆಗೆದರೆ ಹೆಚ್ಚುವುದು ನಿಜ, ಚೆನ್ನಾಗಿರುವುದನ್ನು ತೆಗೆದರೆ ಹೆಚ್ಚುವುದು ಸದ್ದು. ಆ ಇಟ್ಟಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತದೆ ಎಂಬುದನ್ನೂ ನೆನಪಿಡಿ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಬೆಲೆಯ ಹತ್ತು ಪಟ್ಟನ್ನೂ ಮೀರಿತ್ತು. ದೇಶದ ಹಲವು ಕಡೆ ಮಾರುತಿ ಈಕೊ ಗಾಡಿಗಳ ಸೈಲೆನ್ಸರ್ ಕದ್ದದ್ದು ತಗಡಿಗಾಗಿ ಅಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಬದಲಿಸಿದಾಗ ಹಳೆಯದನ್ನು ಕೇಳಿ ಪಡೆಯಿರಿ, ಇಲ್ಲವೇ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿ.

ಇನ್ನು ನಿಮ್ಮ ಪ್ರಶ್ನೆಗಳು.

ಸರ್, ನನ್ನದು 2009ರ ಕಾರು. ಕಂಪನಿಯ ಕನ್ವರ್ಟರ್ ಬೆಲೆ ಕೇಳಿ ಗಾಬರಿಯಾಯಿತು. ಹೊರಗಿನದು ಹಾಕಿಸಬಹುದೇ?

ಹಾಕಿಸಬಹುದು, ಏನು ಕೊಳ್ಳುತ್ತಿದ್ದೇನೆ ಎಂದು ತಿಳಿದು ಹಾಕಿಸಿ. ಹೊರಗಿನದರಲ್ಲಿ ಬೆಲೆ ಕಡಿಮೆಯಾಗುವುದು ಲೋಹ ಕಡಿಮೆ ಹಾಕಿದ್ದರಿಂದ, ಆಯುಷ್ಯವೂ ಅದಕ್ಕೆ ತಕ್ಕಂತೆ ಕಡಿಮೆ. ಇನ್ನು ಮೂರು ನಾಲ್ಕು ವರ್ಷ ಮಾತ್ರ ಓಡಿಸುವ ಕಾರಿಗೆ ಅದು ಸಾಕಾಗಬಹುದು. ಆದರೆ ನಿಮ್ಮ ಎಂಜಿನ್ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದ್ದರೆ ಒಳ್ಳೆಯದನ್ನೂ ಹಾಕಿಸಬೇಡಿ, ಅಗ್ಗದ್ದನ್ನೂ ಹಾಕಿಸಬೇಡಿ. ಮೊದಲು ಸಿಲಿಂಡರುಗಳಲ್ಲಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ರಿಂಗ್ ಬದಲಿಸಲು ಆಗುವ ಖರ್ಚಿಗೆ ಕನ್ವರ್ಟರಿನ ಖರ್ಚು ಕೂಡಿಸಿ, ಆ ಮೊತ್ತವನ್ನು ಕಾರು ಮಾರಿದರೆ ಬರುವ ಬೆಲೆಯ ಪಕ್ಕದಲ್ಲಿ ಬರೆದು ನೋಡಿ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸಿದರೆ ಸಿಗುವುದು ಐದು ವರ್ಷ. ಆ ಐದು ವರ್ಷಕ್ಕೆ ಅಷ್ಟು ಹಾಕುವುದು ಸರಿಯೆನಿಸಿದರೆ ಎಂಜಿನ್ ಕೆಲಸ ಮೊದಲು, ಕನ್ವರ್ಟರ್ ಆಮೇಲೆ. ಇಲ್ಲವಾದರೆ ಕಾರನ್ನು ಬಿಡುವ ಕಾಲ ಬಂದಿದೆ. ಇದನ್ನು ಕೇಳಲು ಯಾರಿಗೂ ಇಷ್ಟವಿಲ್ಲ ಎಂದು ನನಗೆ ಗೊತ್ತು.

ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಕನ್ವರ್ಟರ್ ಹಾಳಾಗುತ್ತದೆಯೇ?

ಸೀಸದ ಹಾಗೆ ಎಥನಾಲ್ ಈ ಲೋಹಗಳಿಗೆ ವಿಷವಲ್ಲ. ಹಳೆಯ ಕಾರಿನ ರಬ್ಬರ್ ಪೈಪು, ಪಂಪು, ಇಂಜೆಕ್ಟರುಗಳಿಗೆ ಅದು ಒಗ್ಗದೆ ಮಿಸ್ಸಿಂಗ್ ಶುರುವಾದರೆ ಆ ಮಿಸ್ಸಿಂಗ್ ಕನ್ವರ್ಟರನ್ನು ಕೆಡಿಸುತ್ತದೆ. ಮತ್ತೆ ಎಂಜಿನ್ನಿನ ಕಡೆಗೇ ನೋಡಬೇಕು.

ನನ್ನ ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದ್ದೇನೆ. ಆಗಾಗ ಹಿಂದೆ ಪಟ್ ಎಂದು ಸಿಡಿಯುತ್ತದೆ.

ಆ ಸಿಡಿತ ಕೊಳವೆಯೊಳಗೆ ಆಗುತ್ತಿದ್ದರೆ ಪಿಂಗಾಣಿಯನ್ನು ಒಡೆಯಬಲ್ಲದು. ಪ್ಲಗ್ ಮತ್ತು ಪ್ಲಗ್ ವೈರ್ ಬದಲಿಸಿ, ಗ್ಯಾಸಿನ ಪ್ರಮಾಣವನ್ನು ಯಂತ್ರದ ಮೇಲಿಟ್ಟು ಸರಿಪಡಿಸಿ. ಕಿವಿಯ ಅಂದಾಜಿನ ಮೇಲೆ ಸ್ಕ್ರೂ ತಿರುಗಿಸುವವರಿಂದ ಮಾಡಿಸಬೇಡಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಕನ್ವರ್ಟರ್ ಹೋದಂತೆ ಅಲ್ಲವೇ?

ಅಲ್ಲ. ಪೆಟ್ರೋಲಿನ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬಂದಾಗ ಆ ವಾಸನೆ. ಹೆಚ್ಚಿನ ಸಲ ಅದು ಪೆಟ್ರೋಲ್ ಅತಿಯಾಗಿ ಬೀಳುತ್ತಿದೆ ಎಂಬುದನ್ನು ಹೇಳುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರನ್ನು ಪರೀಕ್ಷಿಸಿ.

ಗುಜರಿಯಿಂದ ಹಳೆಯ ಕನ್ವರ್ಟರ್ ತಂದು ಹಾಕಿಸಬಹುದೇ, ಸರ್?

ಅಪಘಾತವಾದ ಅದೇ ಮಾದರಿಯ ಕಾರಿನದು ಸಿಕ್ಕರೆ ಯೋಚಿಸಬಹುದು. ಆಯಿಲ್ ಕುಡಿದು ಗುಜರಿಗೆ ಬಂದ ಕಾರಿನದು ಬೇಡ. ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ, ಕಿಂಡಿಗಳೆಲ್ಲ ಸಮವಾಗಿ ಕಾಣಬೇಕು, ಅಲ್ಲಾಡಿಸಿದರೆ ಸದ್ದು ಬರಬಾರದು. ಆದರೆ ಕಿಂಡಿ ಚೆನ್ನಾಗಿದ್ದ ಮಾತ್ರಕ್ಕೆ ಲೇಪ ಚೆನ್ನಾಗಿದೆ ಎಂದಲ್ಲ. ಟೆಸ್ಟ್ ಪಾಸಾದರೆ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ವಾಪಸ್ ಎಂಬ ಮಾತಿನ ಮೇಲೆ ತನ್ನಿ. ಕೂರಿಸುವಾಗ ಡಬ್ಬಿಯ ಮೇಲೆ ಬಾಣದ ಗುರುತಿದ್ದರೆ ಅದು ಹೊಗೆ ಹೋಗುವ ದಿಕ್ಕಿಗೆ, ಅಂದರೆ ಸೈಲೆನ್ಸರಿನ ಕಡೆಗೆ ಇರಲಿ. ಫ್ಲಾಂಜಿನ ಗ್ಯಾಸ್ಕೆಟ್ ಮಾತ್ರ ಹೊಸದನ್ನೇ ಹಾಕಿಸಿ, ಹಳೆಯದನ್ನು ತಟ್ಟಿ ಮತ್ತೆ ಕೂರಿಸಲು ಬಿಡಬೇಡಿ.